ಹಳೆಯ ಕಾರುಗಳಲ್ಲಿ ಅಧಿಕ ಐಡ್ಲಿಂಗ್

ಅಧಿಕ ಐಡ್ಲಿಂಗ್ ಎಂದರೆ ಕಾರಿನ ಎಂಜಿನ್ ಪೂರ್ಣವಾಗಿ ಬಿಸಿಯಾದ ಮೇಲೂ, ಚಾಲಕನು ಆಕ್ಸಿಲರೇಟರ್ ಪೆಡಲಿನಿಂದ ಕಾಲು ತೆಗೆದ ಮೇಲೂ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ತಿರುಗುತ್ತಲೇ ಇರುವ ದೋಷ. ಗ್ಯಾರೇಜುಗಳ ಮಾತಿನಲ್ಲಿ ಇದನ್ನು ‘ಐಡ್ಲಿಂಗ್ ಜಾಸ್ತಿ’ ಅಥವಾ ‘ಗಾಡಿ ತಾನಾಗಿಯೇ ರೇಸ್ ಆಗುತ್ತಿದೆ’ ಎಂದು ಹೇಳುವುದುಂಟು. ಹತ್ತಾರು ವರ್ಷ ಓಡಿ ಒಬ್ಬರಿಂದ ಇನ್ನೊಬ್ಬರ ಕೈಗೆ ಬಂದ ಪೆಟ್ರೋಲ್ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಕಂಡುಬರುತ್ತದೆ.

ಪೆಟ್ರೋಲ್ ಎಂಜಿನ್ನಿನ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಅದರೊಳಗೆ ಸೇರುವ ಗಾಳಿಯ ಪ್ರಮಾಣ. ಆದ್ದರಿಂದ ಈ ದೋಷದ ಪತ್ತೆಕಾರ್ಯವು ಮೂಲತಃ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ. ಹೆಚ್ಚುವರಿ ಗಾಳಿ ಯಾವ ದಾರಿಯಿಂದ ಒಳಬರುತ್ತಿದೆ ಎಂಬುದು ಮೊದಲನೆಯದು. ಆ ಗಾಳಿಯನ್ನು ಎಂಜಿನ್ನಿನ ನಿಯಂತ್ರಣ ವ್ಯವಸ್ಥೆಯೇ ಕೇಳಿ ಪಡೆಯುತ್ತಿದೆಯೇ, ಇಲ್ಲವೇ ಅದು ಕೇಳದೆ ನುಗ್ಗುತ್ತಿದೆಯೇ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ದೊರೆಯುವ ಮೊದಲೇ ಬಿಡಿಭಾಗಗಳನ್ನು ಬದಲಾಯಿಸುವುದು ಅನೇಕ ವೇಳೆ ವ್ಯರ್ಥ ಖರ್ಚಿಗೆ ದಾರಿಯಾಗುತ್ತದೆ. ಡೀಸೆಲ್ ಎಂಜಿನ್ನಿನ ವೇಗವನ್ನು ಗಾಳಿಯ ಬದಲು ಇಂಧನದ ಪ್ರಮಾಣವು ನಿಯಂತ್ರಿಸುವುದರಿಂದ ಈ ಲೇಖನದ ವಿವರಣೆ ಪೆಟ್ರೋಲ್ ಎಂಜಿನ್‌ಗಳಿಗೆ ಮಾತ್ರ ಅನ್ವಯಿಸುತ್ತದೆ.

## ಸಾಮಾನ್ಯ ಐಡ್ಲಿಂಗ್ ವೇಗ

ವಾಹನ ನಿಂತಿರುವಾಗ ಎಂಜಿನ್ ತನ್ನೊಳಗಿನ ಘರ್ಷಣೆಯನ್ನು ಮೀರಿ, ನೀರಿನ ಪಂಪು, ಆಯಿಲ್ ಪಂಪು ಮತ್ತು ಆಲ್ಟರ್ನೇಟರ್‌ಗಳನ್ನು ತಿರುಗಿಸುತ್ತಾ ನಿಲ್ಲದೆ ಓಡಲು ಬೇಕಾದ ಕನಿಷ್ಠ ವೇಗವೇ ಐಡ್ಲಿಂಗ್ ವೇಗ. ಇದನ್ನು ನಿಮಿಷಕ್ಕೆ ಇಷ್ಟು ಸುತ್ತು, ಅಂದರೆ ಆರ್‌ಪಿಎಂ ಎಂದು ಅಳೆಯಲಾಗುತ್ತದೆ. ಬಿಸಿಯಾದ ಎಂಜಿನ್‌ಗಳಲ್ಲಿ ಇದು ಸಾಮಾನ್ಯವಾಗಿ 700ರಿಂದ 900ರವರೆಗೆ ಇರುತ್ತದೆ. ಮೂರು ಸಿಲಿಂಡರಿನ ಸಣ್ಣ ಎಂಜಿನ್‌ಗಳಲ್ಲಿ ತುಸು ಹೆಚ್ಚಿರುವುದು ಸಹಜ. ಆಯಾ ಮಾದರಿಯ ನಿಖರ ಅಂಕಿ ಮಾಲೀಕರ ಕೈಪಿಡಿಯಲ್ಲಿ ಅಥವಾ ಬಾನೆಟ್ಟಿನ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ.

ಎಲ್ಲ ಹೆಚ್ಚಳವೂ ದೋಷವಲ್ಲ. ಕೆಳಗಿನ ಸಂದರ್ಭಗಳಲ್ಲಿ ವೇಗ ಏರುವುದು ಸಹಜ:

- ತಣ್ಣಗಿರುವ ಎಂಜಿನ್ ಚಾಲೂ ಆದ ಮೊದಲ ಕೆಲವು ನಿಮಿಷಗಳಲ್ಲಿ ವೇಗ 1200ರಿಂದ 1500ರವರೆಗೆ ಇದ್ದು ಕ್ರಮೇಣ ಇಳಿಯುತ್ತದೆ.
- ಹವಾನಿಯಂತ್ರಕ, ಪವರ್ ಸ್ಟಿಯರಿಂಗ್ ಅಥವಾ ಹೆಡ್‌ಲೈಟುಗಳ ಹೊರೆ ಬಿದ್ದಾಗ, ಎಂಜಿನ್ ನಿಂತುಹೋಗದಂತೆ ನಿಯಂತ್ರಣ ವ್ಯವಸ್ಥೆಯು ವೇಗವನ್ನು ಸ್ವಲ್ಪ ಏರಿಸುತ್ತದೆ.
- ಓಡುತ್ತಿರುವ ಕಾರಿನಲ್ಲಿ ಕಾಲು ತೆಗೆದಾಗ ಕೆಲವು ಮಾದರಿಗಳಲ್ಲಿ ವೇಗ ಒಮ್ಮೆಲೇ ಬೀಳದೆ ನಿಧಾನವಾಗಿ ಇಳಿಯುತ್ತದೆ.
- ಬ್ಯಾಟರಿಯ ತಂತಿ ಕಳಚಿ ಮತ್ತೆ ಜೋಡಿಸಿದ ಮೇಲೆ, ಕಂಪ್ಯೂಟರ್ ನಿಯಂತ್ರಿತ ಕಾರುಗಳಲ್ಲಿ ಐಡ್ಲಿಂಗ್ ಸ್ವಲ್ಪ ಕಾಲ ಏರುಪೇರಾಗಬಹುದು.

ವಾಯುಮಾಲಿನ್ಯ ತಪಾಸಣೆಯ ವೇಳೆ ಎಂಜಿನ್ನನ್ನು ಉದ್ದೇಶಪೂರ್ವಕವಾಗಿ ಸುಮಾರು 2500 ಆರ್‌ಪಿಎಂನಲ್ಲಿ ಹಿಡಿದು ಹೊಗೆಯನ್ನು ಅಳೆಯುವ ಪರೀಕ್ಷೆಗೂ ‘ಹೈ ಐಡಲ್’ ಎಂಬ ಹೆಸರಿದೆ. ಅದಕ್ಕೂ ಇಲ್ಲಿ ವಿವರಿಸುವ ದೋಷಕ್ಕೂ ಸಂಬಂಧವಿಲ್ಲ.

## ಕಾರ್ಯತತ್ತ್ವ

ಕೆಳಗಿಳಿಯುವ ಪಿಸ್ಟನ್ನು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಗಾಳಿಯ ದಾರಿಯಲ್ಲಿರುವ ದುಂಡನೆಯ ಥ್ರಾಟಲ್ ತಟ್ಟೆಯು ಆಕ್ಸಿಲರೇಟರ್ ಒತ್ತಿದಂತೆ ತೆರೆಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ಐಡ್ಲಿಂಗ್ ಸ್ಥಿತಿಯಲ್ಲಿ ತಟ್ಟೆ ಬಹುಮಟ್ಟಿಗೆ ಮುಚ್ಚಿದ್ದು, ಅದರ ಹಿಂದಿರುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಭಾಗಶಃ ನಿರ್ವಾತ ಉಂಟಾಗುತ್ತದೆ. ಈ ನಿರ್ವಾತದ ಕಾರಣ, ಥ್ರಾಟಲ್ ತಟ್ಟೆಯ ಆಚೆಗೆ ಎಲ್ಲಿ ಒಂದು ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಅಲ್ಲಿಂದ ಒಳನುಗ್ಗುತ್ತದೆ. ತಲೆಬಾಗಿಲು ಭದ್ರವಾಗಿ ಮುಚ್ಚಿದ್ದರೂ ಕಿಟಕಿಯ ಸಂದಿನಿಂದ ಗಾಳಿ ನುಗ್ಗುವಂತೆಯೇ ಇದು. ಪೆಡಲ್ ಒತ್ತದಿದ್ದರೂ ಎಂಜಿನ್ ವೇಗ ಹೆಚ್ಚಲು ಇಂಥ ಸಂದುಗಳು ಒಂದು ಮುಖ್ಯ ಕಾರಣ.

### ಕಾರ್ಬುರೇಟರ್ ಕಾರುಗಳು

ಭಾರತದಲ್ಲಿ ಹಿಂದೂಸ್ತಾನ್ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಮೊದಲ ತಲೆಮಾರುಗಳು ಕಾರ್ಬುರೇಟರ್ ಬಳಸುತ್ತಿದ್ದವು. ಇವುಗಳಲ್ಲಿ ಐಡ್ಲಿಂಗ್ ವೇಗವನ್ನು ಥ್ರಾಟಲ್ ತಟ್ಟೆಯನ್ನು ಕೂದಲೆಳೆಯಷ್ಟು ತೆರೆದಿಡುವ ಒಂದು ಸ್ಕ್ರೂ ನಿರ್ಧರಿಸುತ್ತದೆ. ಗಾಳಿ–ಪೆಟ್ರೋಲ್ ಅನುಪಾತವನ್ನು ಸರಿಪಡಿಸಲು ಪ್ರತ್ಯೇಕ ಮಿಶ್ರಣ ಸ್ಕ್ರೂ ಇರುತ್ತದೆ. ತಣ್ಣಗಿನ ಎಂಜಿನ್ ಚಾಲೂ ಮಾಡಲು ಚೋಕ್ ಎಳೆದಾಗ, ಅದಕ್ಕೆ ಜೋಡಿಸಿದ ಸನ್ನೆಯೊಂದು ಥ್ರಾಟಲನ್ನೂ ತುಸು ತೆರೆದು ವೇಗವನ್ನು ಏರಿಸುತ್ತದೆ.

### ಇಂಧನ ಇಂಜೆಕ್ಷನ್ ಕಾರುಗಳು

ಹೊರಸೂಸುವ ಹೊಗೆಯ ನಿಯಮಗಳು ಬಿಗಿಯಾದಂತೆ, 2000ದ ಆಸುಪಾಸಿನಲ್ಲಿ ಭಾರತದ ಕಾರುಗಳು ಕಾರ್ಬುರೇಟರಿನಿಂದ ಇಂಧನ ಇಂಜೆಕ್ಷನ್ ಪದ್ಧತಿಗೆ ಬದಲಾದವು. ಎಂಪಿಎಫ್‌ಐ ಎಂಬ ಹೆಸರಿನಿಂದ ಜನಪ್ರಿಯವಾದ ಈ ಪದ್ಧತಿಯಲ್ಲಿ ಇಸಿಯು ಎಂಬ ವಿದ್ಯುನ್ಮಾನ ನಿಯಂತ್ರಣ ಘಟಕವು ಹಲವು ಸಂವೇದಕಗಳಿಂದ ಮಾಹಿತಿ ಪಡೆದು ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಲೆಕ್ಕಹಾಕುತ್ತದೆ. ಐಡ್ಲಿಂಗ್ ವೇಳೆ ಥ್ರಾಟಲ್ ತಟ್ಟೆಯನ್ನು ಬಳಸಿಕೊಂಡು ಹೋಗುವ ಒಂದು ಉಪದಾರಿ ಇರುತ್ತದೆ. ಆ ದಾರಿಯನ್ನು ಐಡಲ್ ಏರ್ ಕಂಟ್ರೋಲ್ ಕವಾಟ, ಅಂದರೆ ಐಎಸಿ ಕವಾಟವು ಇಸಿಯುವಿನ ಆಜ್ಞೆಯಂತೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ.

ಒಳಬಂದ ಗಾಳಿಯನ್ನು ಅಳೆಯಲು ಎರಡು ವಿಧಾನಗಳಿವೆ. ಮ್ಯಾಪ್ ಸಂವೇದಕವಿರುವ ಕಾರುಗಳಲ್ಲಿ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು ಗಾಳಿಯನ್ನು ಅಂದಾಜು ಮಾಡಲಾಗುತ್ತದೆ. ಮಾಸ್ ಏರ್ ಫ್ಲೋ ಸಂವೇದಕವಿರುವ ಕಾರುಗಳಲ್ಲಿ ಏರ್ ಫಿಲ್ಟರಿನಿಂದ ಬರುವ ಗಾಳಿಯನ್ನು ನೇರವಾಗಿ ಅಳೆಯಲಾಗುತ್ತದೆ. ಈ ವ್ಯತ್ಯಾಸ ದೋಷಪತ್ತೆಯಲ್ಲಿ ಮುಖ್ಯವಾದುದು. ಮೊದಲ ವಿಧದಲ್ಲಿ ಸೋರಿಕೆಯಿಂದ ಬಂದ ಗಾಳಿಯೂ ಒತ್ತಡದ ಲೆಕ್ಕಕ್ಕೆ ಸಿಗುವುದರಿಂದ ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಸೇರಿಸುತ್ತದೆ, ಎಂಜಿನ್ ನಯವಾಗಿಯೇ ಆದರೆ ವೇಗವಾಗಿ ತಿರುಗುತ್ತದೆ. ಎರಡನೆಯ ವಿಧದಲ್ಲಿ ಸೋರಿಕೆಯ ಗಾಳಿ ಲೆಕ್ಕಕ್ಕೆ ಸಿಗದೆ ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ಕಡಿಮೆಯಾಗುತ್ತದೆ. ಎಂಜಿನ್ ಒರಟಾಗಿ ನಡುಗುವುದು, ವೇಗ ಏರಿಳಿಯುವುದು ಆಗ ಕಾಣುತ್ತದೆ.

## ಕಾರಣಗಳು

### ಥ್ರಾಟಲ್ ಪೂರ್ಣ ಮುಚ್ಚದಿರುವುದು

ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿರುವುದು, ಕೇಬಲ್ ಒಳಗೆ ತುಕ್ಕು ಹಿಡಿದಿರುವುದು, ಹಿಂದೆಳೆಯುವ ಸ್ಪ್ರಿಂಗ್ ಸಡಿಲವಾಗಿರುವುದು, ತಟ್ಟೆಯ ಅಂಚಿಗೆ ಮಸಿ ಕಟ್ಟಿರುವುದು, ನೆಲಹಾಸು ಪೆಡಲಿಗೆ ಒತ್ತಿಕೊಂಡಿರುವುದು ಸಾಮಾನ್ಯ ಕಾರಣಗಳು. ಹಳೆಯ ಕಾರ್ಬುರೇಟರುಗಳಲ್ಲಿ ಥ್ರಾಟಲ್ ದಂಡ ಸವೆದು ಅದರ ಸುತ್ತಲಿನ ಸಂದಿನಿಂದಲೂ ಗಾಳಿ ಒಳಸೇರುತ್ತದೆ.

### ನಿರ್ವಾತ ಸೋರಿಕೆ

ಮ್ಯಾನಿಫೋಲ್ಡಿಗೆ ಜೋಡಿಸಿದ ರಬ್ಬರ್ ಕೊಳವೆಗಳು ಎಂಜಿನ್ನಿನ ಶಾಖಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡು ಗಡುಸಾಗಿ ತುದಿಗಳಲ್ಲಿ ಸೀಳುತ್ತವೆ. ಸೋರಿಕೆಯ ಸಾಮಾನ್ಯ ತಾಣಗಳು ಇವು:

- ಇನ್‌ಟೇಕ್ ಮ್ಯಾನಿಫೋಲ್ಡ್ ಹಾಗೂ ಥ್ರಾಟಲ್ ಬಾಡಿಯ ಗ್ಯಾಸ್ಕೆಟ್‌ಗಳು.
- ಇಂಜೆಕ್ಟರ್‌ಗಳ ಬುಡದ ರಬ್ಬರ್ ಉಂಗುರಗಳು.
- ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಕೊಳವೆ ಮತ್ತು ಬೂಸ್ಟರಿನ ಒಳಪೊರೆ.
- ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಮರಳಿ ಎಂಜಿನ್ನಿಗೆ ಕಳುಹಿಸುವ ಪಿಸಿವಿ ಕವಾಟ ಮತ್ತು ಅದರ ಕೊಳವೆ.
- ಪೆಟ್ರೋಲ್ ಆವಿಯನ್ನು ಸಂಗ್ರಹಿಸುವ ಡಬ್ಬಿಯಿಂದ ಬರುವ ಪರ್ಜ್ ಕವಾಟ.
- ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆ.

ಮಾರಾಟದ ನಂತರ ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಅಳವಡಿಸಿದ ಕಾರುಗಳಲ್ಲಿ ಗಾಳಿಯ ದಾರಿಯಲ್ಲಿ ಮಿಕ್ಸರ್ ಸೇರಿಸಿರುತ್ತಾರೆ, ಮ್ಯಾನಿಫೋಲ್ಡಿಗೆ ಹೊಸ ಕೊಳವೆಗಳನ್ನು ಜೋಡಿಸಿರುತ್ತಾರೆ. ಈ ಸೇರ್ಪಡೆಯ ಜಾಗಗಳೂ, ಕಿಟ್ ತೆಗೆದ ಮೇಲೆ ಸರಿಯಾಗಿ ಮುಚ್ಚದೆ ಉಳಿದ ರಂಧ್ರಗಳೂ ಸೋರಿಕೆಯ ತಾಣಗಳಾಗುತ್ತವೆ.

### ಐಎಸಿ ಕವಾಟದ ದೋಷ

ಕವಾಟದಲ್ಲಿ ಮಸಿ ತುಂಬಿದರೆ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳಬಹುದು. ಕೆಲವು ಕಾರುಗಳಲ್ಲಿ ಮೇಣ ತುಂಬಿದ ಒಂದು ಉಷ್ಣಕವಾಟವೂ ಇರುತ್ತದೆ. ಎಂಜಿನ್ ತಣ್ಣಗಿರುವಾಗ ತೆರೆದಿದ್ದು ಹೆಚ್ಚುವರಿ ಗಾಳಿಯನ್ನು ಬಿಡುವ ಇದು, ಕೂಲಂಟ್ ಬಿಸಿಯಾದಂತೆ ಮೇಣ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ರೇಡಿಯೇಟರಿನಲ್ಲಿ ಕೂಲಂಟ್ ಕಡಿಮೆಯಾಗಿದ್ದರೆ, ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಅಥವಾ ಬರೀ ಗಡಸು ನೀರು ತುಂಬಿ ದಾರಿಯಲ್ಲಿ ಸುಣ್ಣ ಕಟ್ಟಿದ್ದರೆ ಬಿಸಿ ಕೂಲಂಟ್ ಆ ಕವಾಟವನ್ನು ತಲುಪುವುದಿಲ್ಲ, ಕವಾಟ ಮುಚ್ಚುವುದೂ ಇಲ್ಲ.

### ಸಂವೇದಕಗಳ ತಪ್ಪು ಮಾಹಿತಿ

ಕೂಲಂಟ್ ಉಷ್ಣತಾ ಸಂವೇದಕ ಕೆಟ್ಟು ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿಸಿದರೆ, ಇಸಿಯು ತಣ್ಣನೆಯ ಎಂಜಿನ್ನಿಗೆ ಕೊಡುವ ಹೆಚ್ಚಿನ ಗಾಳಿ ಮತ್ತು ಪೆಟ್ರೋಲನ್ನು ಕೊಡುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿ ಕೆಟ್ಟಾಗಲೂ ಇದೇ ಪರಿಣಾಮ. ಎಂಜಿನ್ ಕಾಯಬಾರದೆಂಬ ನಂಬಿಕೆಯಿಂದ ಥರ್ಮೋಸ್ಟಾಟನ್ನು ತೆಗೆದೇಬಿಡುವ ರೂಢಿ ಭಾರತದ ಗ್ಯಾರೇಜುಗಳಲ್ಲಿ ಇದೆ. ಅಂಥ ಕಾರಿನಲ್ಲಿ ಸಂವೇದಕ ಸರಿಯಾಗಿದ್ದರೂ ಎಂಜಿನ್ ನಿಜಕ್ಕೂ ಬೇಕಾದಷ್ಟು ಬಿಸಿಯಾಗದೆ ಐಡ್ಲಿಂಗ್ ಇಳಿಯುವುದಿಲ್ಲ. ಥ್ರಾಟಲ್ ಸ್ಥಾನ ಸಂವೇದಕವು ಮುಚ್ಚಿದ ತಟ್ಟೆಯನ್ನು ತೆರೆದಿದೆ ಎಂದು ತಿಳಿಸಿದರೆ ಇಸಿಯು ಐಡ್ಲಿಂಗ್ ನಿಯಂತ್ರಣವನ್ನು ಆರಂಭಿಸುವುದೇ ಇಲ್ಲ.

### ಇತರ ಕಾರಣಗಳು

ಇಗ್ನಿಷನ್ ಟೈಮಿಂಗನ್ನು ಅಗತ್ಯಕ್ಕಿಂತ ಮುಂದೆ ಇಟ್ಟಿರುವುದು, ಚೋಕ್ ಪೂರ್ತಿ ಹಿಂದಕ್ಕೆ ಹೋಗದಿರುವುದು, ಹವಾನಿಯಂತ್ರಕಕ್ಕಾಗಿ ವೇಗ ಏರಿಸುವ ಸಾಧನ ಚಾಲೂ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವುದು, ಮತ್ತು ಹಿಂದಿನ ಮಾಲೀಕರು ಅಥವಾ ಮೆಕ್ಯಾನಿಕ್ ಸ್ಕ್ರೂಗಳನ್ನು ತಿರುಗಿಸಿರುವುದು ಈ ಗುಂಪಿಗೆ ಸೇರುತ್ತವೆ.

## ಪತ್ತೆಹಚ್ಚುವ ಕ್ರಮ

ಪರೀಕ್ಷೆಗಳನ್ನು ಖರ್ಚಿಲ್ಲದ್ದರಿಂದ ಖರ್ಚಿನದರ ಕಡೆಗೆ, ಕಣ್ಣಿಗೆ ಕಾಣುವುದರಿಂದ ಕಾಣದ್ದರ ಕಡೆಗೆ ನಡೆಸುವುದು ವಾಡಿಕೆ.

### ದೋಷವನ್ನು ಖಚಿತಪಡಿಸಿಕೊಳ್ಳುವುದು

ಕಾರನ್ನು ಸಮತಟ್ಟಾದ, ಬಯಲು ಜಾಗದಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡಬೇಕು. ರೇಡಿಯೇಟರ್ ಫ್ಯಾನು ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಹವಾನಿಯಂತ್ರಕ ಮತ್ತು ದೀಪಗಳನ್ನು ಆರಿಸಿದ ನಂತರ ವೇಗವನ್ನು ನೋಡಬೇಕು. ಟ್ಯಾಕೋಮೀಟರ್ ಇಲ್ಲದ ಸಣ್ಣ ಕಾರುಗಳಲ್ಲಿ ಹೊರಗಿನ ಮೀಟರ್ ಅಥವಾ ಸ್ಕ್ಯಾನ್ ಸಾಧನ ಬೇಕಾಗುತ್ತದೆ.

ಈ ಹಂತದಲ್ಲಿ ದೋಷದ ಚರಿತ್ರೆಯೂ ಉಪಯುಕ್ತ. ದೋಷ ಸದಾ ಇರುತ್ತದೆಯೇ, ಬೆಳಗಿನ ಹೊತ್ತು ಮಾತ್ರವೇ, ಬ್ರೇಕ್ ಒತ್ತಿದಾಗ ಬದಲಾಗುತ್ತದೆಯೇ, ಯಾವುದಾದರೂ ದುರಸ್ತಿಯ ನಂತರ ಆರಂಭವಾಯಿತೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರಗಳು ಹುಡುಕಾಟದ ವ್ಯಾಪ್ತಿಯನ್ನು ಕಿರಿದಾಗಿಸುತ್ತವೆ.

### ಯಾಂತ್ರಿಕ ತಪಾಸಣೆ

ಎಂಜಿನ್ ಆರಿಸಿ, ನೆಲಹಾಸನ್ನು ಸರಿಸಿ, ಆಕ್ಸಿಲರೇಟರ್ ಕೇಬಲಿನ ಎಂಜಿನ್ ಕಡೆಯ ತುದಿಯಲ್ಲಿ ಸ್ವಲ್ಪ ಸಡಿಲವಿದೆಯೇ ಎಂದು ನೋಡಬೇಕು. ಥ್ರಾಟಲ್ ಸನ್ನೆಯನ್ನು ಕೈಯಿಂದ ತೆರೆದು ಬಿಟ್ಟಾಗ ಅದು ‘ಟಕ್’ ಎಂಬ ಸದ್ದಿನೊಂದಿಗೆ ತನ್ನ ನಿಲುಗಡೆಗೆ ಮರಳಬೇಕು. ನಿಧಾನವಾಗಿ ಮರಳಿದರೆ ಅಥವಾ ನಡುವೆ ತಡೆದರೆ ಕೇಬಲ್ ಮತ್ತು ತಟ್ಟೆಯ ಶುಚಿಕಾರ್ಯ ಮೊದಲು ಆಗಬೇಕು. ನಿಲುಗಡೆ ಸ್ಕ್ರೂವಿನ ಮೇಲೆ ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಗುರುತು ಒಡೆದಿದ್ದರೆ ಅದನ್ನು ಯಾರೋ ತಿರುಗಿಸಿದ್ದಾರೆ ಎಂದು ತಿಳಿಯಬಹುದು.

### ಗಾಳಿದಾರಿ ಮುಚ್ಚುವ ಪರೀಕ್ಷೆ

ಸೋರಿಕೆ ಇರುವುದು ಥ್ರಾಟಲಿನ ಮುಂಚೆಯೋ ಆಚೆಯೋ ಎಂದು ನಿರ್ಣಯಿಸಲು ಇದು ಸರಳವಾದ ವಿಧಾನ. ಮ್ಯಾಪ್ ಸಂವೇದಕವಿರುವ ಕಾರುಗಳಿಗೆ ಇದು ವಿಶೇಷವಾಗಿ ಹೊಂದುತ್ತದೆ. ಏರ್ ಫಿಲ್ಟರಿನಿಂದ ಬರುವ ಕೊಳವೆಯನ್ನು ಕಳಚಿ, ಐಡ್ಲಿಂಗ್ ಸ್ಥಿತಿಯಲ್ಲಿ ಓಡುತ್ತಿರುವ ಎಂಜಿನ್ನಿನ ಥ್ರಾಟಲ್ ಬಾಯಿಯನ್ನು ಗಟ್ಟಿಯಾದ ಚಪ್ಪಟೆ ಹಲಗೆಯ ತುಂಡಿನಿಂದ ಪೂರ್ತಿ ಮುಚ್ಚಲಾಗುತ್ತದೆ. ಬಟ್ಟೆ ಅಥವಾ ಕಾಗದವನ್ನು ಎಂಜಿನ್ ಒಳಗೆಳೆದುಕೊಳ್ಳುವ ಅಪಾಯವಿರುವುದರಿಂದ ಅವನ್ನು ಬಳಸಬಾರದು.

- ಎಂಜಿನ್ ಕೂಡಲೇ ನಿಂತರೆ, ಗಾಳಿಯೆಲ್ಲ ಥ್ರಾಟಲ್ ಬಾಯಿಯ ಮೂಲಕವೇ ಬರುತ್ತಿದೆ ಎಂದರ್ಥ. ದೋಷ ಥ್ರಾಟಲ್ ತಟ್ಟೆಯಲ್ಲಿ ಅಥವಾ ಐಎಸಿ ದಾರಿಯಲ್ಲಿದೆ.
- ಬಾಯಿ ಮುಚ್ಚಿದರೂ ಎಂಜಿನ್ ಓಡುತ್ತಲೇ ಇದ್ದರೆ, ಗಾಳಿ ಬೇರೆಲ್ಲಿಂದಲೋ ಬರುತ್ತಿದೆ. ಅದು ನಿರ್ವಾತ ಸೋರಿಕೆ.

ಎಂಜಿನ್ ನಿಂತ ಸಂದರ್ಭದಲ್ಲಿ ಮುಂದಿನ ಹೆಜ್ಜೆಯೆಂದರೆ ಥ್ರಾಟಲ್ ಬಾಯಿಯೊಳಗಿನ ಐಎಸಿ ರಂಧ್ರವನ್ನು ಮಾತ್ರ ಮುಚ್ಚಿ ನೋಡುವುದು. ವೇಗ ಇಳಿದರೆ ಹೆಚ್ಚುವರಿ ಗಾಳಿ ಆ ರಂಧ್ರದಿಂದ ಬರುತ್ತಿದೆ. ಇಳಿಯದಿದ್ದರೆ ತಟ್ಟೆಯೇ ಪೂರ್ತಿ ಮುಚ್ಚಿಲ್ಲ.

### ಸೋರಿಕೆಯ ಜಾಗ ಹುಡುಕುವುದು

ಮೊದಲು ಕಿವಿಗೊಟ್ಟು ‘ಸುಯ್’ ಎಂಬ ಸದ್ದನ್ನು ಹುಡುಕಬೇಕು. ನಂತರ ಮ್ಯಾನಿಫೋಲ್ಡಿನ ಕೊಳವೆಗಳನ್ನು ಒಂದೊಂದಾಗಿ ಕಳಚಿ, ತೆರೆದ ಮೂತಿಯನ್ನು ಬಿರಡೆಯಿಂದ ಮುಚ್ಚಿ, ವೇಗ ಇಳಿಯುತ್ತದೆಯೇ ಎಂದು ನೋಡಬೇಕು. ಇಳಿದರೆ ಆ ಶಾಖೆಯಲ್ಲೇ ಸೋರಿಕೆಯಿದೆ. ಇಕ್ಕಳದಿಂದ ಕೊಳವೆಯನ್ನು ಅಮುಕಿ ನೋಡುವ ಪದ್ಧತಿಯೂ ಉಂಟು. ಆದರೆ ಗಡುಸಾದ ಹಳೆಯ ರಬ್ಬರ್ ಅದರಿಂದಲೇ ಸೀಳಬಹುದು.

ಗ್ಯಾಸ್ಕೆಟ್‌ಗಳ ಅಂಚಿಗೆ ಸಣ್ಣ ಸಿಂಪಡಕದಿಂದ ನೀರು ಚಿಮುಕಿಸಿದಾಗ ಎಂಜಿನ್ನಿನ ಧ್ವನಿ ಕ್ಷಣಕಾಲ ಬದಲಾದರೆ ನೀರು ಅಲ್ಲಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ ಎಂದರ್ಥ. ವಿದ್ಯುತ್ ತಂತಿಗಳು ಮತ್ತು ಸ್ಪಾರ್ಕ್ ಪ್ಲಗ್‌ಗಳ ಮೇಲೆ ನೀರು ಬೀಳಬಾರದು. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವ ವಿಧಾನ ಗ್ಯಾರೇಜುಗಳಲ್ಲಿ ಪ್ರಚಲಿತವಾಗಿದ್ದರೂ ಬಿಸಿ ಸೈಲೆನ್ಸರ್ ಕೊಳವೆಯ ಬಳಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಸುಸಜ್ಜಿತ ಗ್ಯಾರೇಜುಗಳಲ್ಲಿ, ಆರಿಸಿದ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿ ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡುತ್ತಾರೆ. ಇದು ಹೆಚ್ಚು ಸುರಕ್ಷಿತ ಮತ್ತು ನಿಖರ.

ಬ್ರೇಕ್ ಬೂಸ್ಟರನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಎಂಜಿನ್ ಆರಿಸಿ ಬ್ರೇಕ್ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಕೊನೆಯ ಸಲ ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ, ಅಥವಾ ಪೆಡಲ್ ಒತ್ತಿದಾಗ ಸುಯ್ಯೆಂಬ ಸದ್ದು ಕೇಳಿ ಎಂಜಿನ್ ವೇಗ ಬದಲಾದರೆ ಬೂಸ್ಟರ್ ಅಥವಾ ಅದರ ಕೊಳವೆ ಕೆಟ್ಟಿದೆ. ಆಗ ಅಧಿಕ ಐಡ್ಲಿಂಗ್ ಬ್ರೇಕ್ ವೈಫಲ್ಯದ ಮುನ್ಸೂಚನೆಯೂ ಹೌದು. ಅಂಥ ಕಾರನ್ನು ದುರಸ್ತಿಯಾಗುವ ತನಕ ರಸ್ತೆಗಿಳಿಸಬಾರದು.

### ವ್ಯಾಕ್ಯೂಮ್ ಗೇಜಿನ ಬಳಕೆ

ಸುಸ್ಥಿತಿಯ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಐಡ್ಲಿಂಗ್ ವೇಳೆ, ಸಮುದ್ರ ಮಟ್ಟದ ಊರುಗಳಲ್ಲಿ, ಸಾಮಾನ್ಯವಾಗಿ 430ರಿಂದ 560 ಮಿಲಿಮೀಟರ್ ಪಾದರಸದಷ್ಟು ನಿರ್ವಾತ ಇರುತ್ತದೆ. ಎತ್ತರಕ್ಕೆ ಹೋದಂತೆ ವಾತಾವರಣದ ಒತ್ತಡವೇ ಕಡಿಮೆಯಾಗುವುದರಿಂದ ಗೇಜಿನ ಅಂಕಿಯೂ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದೇ ಎಂಜಿನ್ ಮಂಗಳೂರಿನಲ್ಲಿ ತೋರಿಸುವುದಕ್ಕಿಂತ ಸುಮಾರು 75 ಮಿಲಿಮೀಟರ್ ಕಡಿಮೆ ತೋರಿಸುತ್ತದೆ. ಇದನ್ನು ಗಮನಿಸದೆ ಕೈಪಿಡಿಯ ಅಂಕಿಯನ್ನೇ ಹಿಡಿದು ಹೋಲಿಸಿದರೆ ಇಲ್ಲದ ಸೋರಿಕೆಯನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

### ವಿದ್ಯುನ್ಮಾನ ತಪಾಸಣೆ

ರೋಗನಿದಾನ ಕೊಂಡಿ ಇರುವ ಕಾರುಗಳಲ್ಲಿ ಸ್ಕ್ಯಾನ್ ಸಾಧನದಿಂದ ನಾಲ್ಕು ಅಂಶಗಳನ್ನು ಓದಬೇಕು.

1. ಕೂಲಂಟ್ ಉಷ್ಣತೆ. ಬಿಸಿ ಎಂಜಿನ್ನಿನಲ್ಲಿ ಇದು ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಇರಬೇಕು. ಸ್ಕ್ಯಾನ್ ಸಾಧನ ಇಲ್ಲದಿದ್ದರೆ ಮಲ್ಟಿಮೀಟರಿನಿಂದ ಸಂವೇದಕದ ರೋಧವನ್ನು ಅಳೆಯಬಹುದು. ಅನೇಕ ಸಂವೇದಕಗಳಲ್ಲಿ ಅದು 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರುತ್ತದೆ.
2. ಥ್ರಾಟಲ್ ಸ್ಥಾನ. ಮುಚ್ಚಿದ ಸ್ಥಿತಿಯಲ್ಲಿ ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು ಇದ್ದು, ನಿಧಾನವಾಗಿ ತೆರೆದಂತೆ ಎಲ್ಲಿಯೂ ಜಿಗಿಯದೆ ಏರಬೇಕು.
3. ಐಎಸಿ ಆಜ್ಞೆ. ಇಸಿಯು ಕವಾಟವನ್ನು ಎಷ್ಟು ತೆರೆಯಲು ಹೇಳುತ್ತಿದೆ ಎಂಬ ಅಂಕಿ.
4. ಇಂಧನ ತಿದ್ದುಪಡಿ. ಲೆಕ್ಕಹಾಕಿದ್ದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲನ್ನು ಇಸಿಯು ಕೊಡುತ್ತಿದೆ ಎಂಬ ಅಂಕಿ.

ಇವುಗಳಲ್ಲಿ ಮೂರನೆಯದು ನಿರ್ಣಾಯಕ. ವೇಗ ಹೆಚ್ಚಿದ್ದರೂ ಇಸಿಯು ಕವಾಟವನ್ನು ಪೂರ್ತಿ ಮುಚ್ಚಲು ಹೇಳುತ್ತಿದ್ದರೆ, ಅದು ಬೇಡವೆಂದರೂ ಗಾಳಿ ಬರುತ್ತಿದೆ. ದೋಷ ಯಾಂತ್ರಿಕವಾದುದು, ಅಂದರೆ ಸೋರಿಕೆ, ಸಿಕ್ಕಿಕೊಂಡ ಕವಾಟ ಅಥವಾ ಮುಚ್ಚದ ತಟ್ಟೆ. ಕವಾಟವನ್ನು ಅಗಲವಾಗಿ ತೆರೆಯಲು ಇಸಿಯುವೇ ಹೇಳುತ್ತಿದ್ದರೆ, ಅದು ಹಾಗೆ ಹೇಳಲು ಕಾರಣವಾದ ಮಾಹಿತಿಯನ್ನು ಹುಡುಕಬೇಕು. ಕೂಲಂಟ್ ಸಂವೇದಕ, ಥರ್ಮೋಸ್ಟಾಟ್, ಹವಾನಿಯಂತ್ರಕದ ಸಂಕೇತ ಇವುಗಳ ಸರದಿ ಆಗ ಬರುತ್ತದೆ.

ಇಂಧನ ತಿದ್ದುಪಡಿಯು ಐಡ್ಲಿಂಗ್ ವೇಳೆ ಶೇಕಡಾ 10ಕ್ಕಿಂತ ಹೆಚ್ಚಾಗಿದ್ದು, ಎಂಜಿನ್ನನ್ನು 2500 ಆರ್‌ಪಿಎಂಗೆ ಏರಿಸಿದಾಗ ಸಹಜ ಮಟ್ಟಕ್ಕೆ ಇಳಿದರೆ ನಿರ್ವಾತ ಸೋರಿಕೆಯನ್ನು ಶಂಕಿಸಬೇಕು. ಮಾಸ್ ಏರ್ ಫ್ಲೋ ಸಂವೇದಕವಿರುವ ಕಾರುಗಳಲ್ಲಿ ಈ ಲಕ್ಷಣ ಸ್ಪಷ್ಟವಾಗಿ ಕಾಣುತ್ತದೆ. ಥ್ರಾಟಲ್ ಹೆಚ್ಚು ತೆರೆದಾಗ ಸೋರಿಕೆಯ ಪಾಲು ಒಟ್ಟು ಗಾಳಿಯಲ್ಲಿ ನಗಣ್ಯವಾಗುವುದೇ ಇದಕ್ಕೆ ಕಾರಣ.

## ಏರಿಳಿಯುವ ಐಡ್ಲಿಂಗ್

ಕೆಲವು ಕಾರುಗಳಲ್ಲಿ ವೇಗ ಒಂದೇ ಮಟ್ಟದಲ್ಲಿ ನಿಲ್ಲದೆ ಕೆಲವು ಕ್ಷಣಗಳಿಗೊಮ್ಮೆ ಏರಿ ಇಳಿಯುತ್ತಿರುತ್ತದೆ. ಪೆಡಲ್ ಒತ್ತಿಲ್ಲದಿರುವಾಗ ವೇಗ ಒಂದು ಮಿತಿಯನ್ನು ಮೀರಿದರೆ, ಕಾರು ಇಳಿಜಾರಿನಲ್ಲಿ ಹೋಗುತ್ತಿದೆ ಎಂದು ಭಾವಿಸಿ ಇಸಿಯು ಪೆಟ್ರೋಲನ್ನು ನಿಲ್ಲಿಸುತ್ತದೆ. ವೇಗ ಕುಸಿದಾಗ ಮತ್ತೆ ಕೊಡುತ್ತದೆ. ಹೆಚ್ಚುವರಿ ಗಾಳಿ ಇನ್ನೂ ಬರುತ್ತಿರುವುದರಿಂದ ವೇಗ ಪುನಃ ಏರುತ್ತದೆ, ಈ ಚಕ್ರ ಮುಂದುವರಿಯುತ್ತದೆ. ಆದ್ದರಿಂದ ಇಂಥ ಏರಿಳಿತವೂ ಅನೇಕ ವೇಳೆ ಹೆಚ್ಚುವರಿ ಗಾಳಿಯ ಇನ್ನೊಂದು ರೂಪ. ಮೇಣದ ಉಷ್ಣಕವಾಟವಿರುವ ಕಾರುಗಳಲ್ಲಿ ಇದು ಕಂಡಾಗ ಮೊದಲು ತಣ್ಣಗಿನ ಎಂಜಿನ್ನಿನಲ್ಲಿ ಕೂಲಂಟ್ ಮಟ್ಟವನ್ನು ನೋಡುವುದು ಒಳಿತು.

## ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

| ಲಕ್ಷಣ | ಮೊದಲು ನೋಡಬೇಕಾದದ್ದು |
|---|---|
| ಸದಾ ಹೆಚ್ಚು, ಎಂಜಿನ್ ನಯವಾಗಿದೆ | ಕೇಬಲ್, ಥ್ರಾಟಲ್ ತಟ್ಟೆ, ಐಎಸಿ ಕವಾಟ. ಮ್ಯಾಪ್ ಕಾರಿನಲ್ಲಿ ಸೋರಿಕೆಯೂ |
| ಹೆಚ್ಚು ಮತ್ತು ಒರಟು | ಗ್ಯಾಸ್ಕೆಟ್, ಕೊಳವೆಗಳ ಸೋರಿಕೆ |
| ಬಿಸಿಯಾದರೂ ಇಳಿಯುವುದಿಲ್ಲ, ಪೆಟ್ರೋಲ್ ಖರ್ಚೂ ಹೆಚ್ಚು | ಕೂಲಂಟ್ ಸಂವೇದಕ, ಥರ್ಮೋಸ್ಟಾಟ್, ಚೋಕ್ |
| ಬ್ರೇಕ್ ಒತ್ತಿದಾಗ ವೇಗ ಬದಲಾಗುತ್ತದೆ | ಬ್ರೇಕ್ ಬೂಸ್ಟರ್ |
| ವೇಗ ಏರಿಳಿಯುತ್ತದೆ | ಕೂಲಂಟ್ ಮಟ್ಟ, ಉಷ್ಣಕವಾಟ, ಸೋರಿಕೆ |
| ಪೆಡಲನ್ನು ಕಾಲಿನಿಂದ ಮೇಲೆತ್ತಿದರೆ ಇಳಿಯುತ್ತದೆ | ಕೇಬಲ್, ಸ್ಪ್ರಿಂಗ್, ನೆಲಹಾಸು |
| ಥ್ರಾಟಲ್ ಶುಚಿಗೊಳಿಸಿದ ಮೇಲೆ ಆರಂಭ | ಇಸಿಯುವಿನ ಮರುಕಲಿಕೆ |

## ತಪ್ಪು ದುರಸ್ತಿಗಳು

ಇಂಜೆಕ್ಷನ್ ಕಾರುಗಳಲ್ಲಿ ಥ್ರಾಟಲಿನ ನಿಲುಗಡೆ ಸ್ಕ್ರೂ ಐಡ್ಲಿಂಗ್ ಹೊಂದಿಸಲು ಇರುವುದಲ್ಲ. ತಟ್ಟೆ ಕೊಳವೆಯ ಗೋಡೆಗೆ ಕಚ್ಚಿಕೊಳ್ಳದಂತೆ ಅದನ್ನು ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಕಾರ್ಬುರೇಟರಿನ ಅಭ್ಯಾಸಬಲದಿಂದ ಅದನ್ನು ತಿರುಗಿಸಿದರೆ ಥ್ರಾಟಲ್ ಸ್ಥಾನ ಸಂವೇದಕದ ಮೂಲ ಅಂಕಿಯೇ ಬದಲಾಗಿ ಹೊಸ ದೋಷವೊಂದು ಸೇರಿಕೊಳ್ಳುತ್ತದೆ. ಕಾರ್ಬುರೇಟರ್ ಕಾರುಗಳಲ್ಲಿಯೂ ಸೋರಿಕೆಯನ್ನು ಹಾಗೆಯೇ ಬಿಟ್ಟು ಸ್ಕ್ರೂವಿನಿಂದ ವೇಗ ಇಳಿಸಿದರೆ ದೋಷ ಮರೆಯಾಗುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ.

ಮಸಿ ಕಟ್ಟಿದ ಥ್ರಾಟಲಿಗೆ ಹೊಂದಿಕೊಂಡಿದ್ದ ಇಸಿಯು ಐಎಸಿ ಕವಾಟವನ್ನು ಹೆಚ್ಚು ತೆರೆದಿಡಲು ಕಲಿತಿರುತ್ತದೆ. ಶುಚಿಗೊಳಿಸಿದ ಮೇಲೆ ಆ ಹಳೆಯ ಲೆಕ್ಕದಿಂದಾಗಿ ವೇಗ ತಾತ್ಕಾಲಿಕವಾಗಿ ಏರಬಹುದು. ತಯಾರಕರು ಹೇಳಿದ ಮರುಕಲಿಕೆಯ ಕ್ರಮವನ್ನು ಅನುಸರಿಸುವುದು ಇದಕ್ಕೆ ಪರಿಹಾರ, ಹೊಸ ಕವಾಟ ಕೊಳ್ಳುವ ಅಗತ್ಯವಿಲ್ಲ. ವಿಶೇಷ ಲೇಪನವಿರುವ ಥ್ರಾಟಲ್ ತಟ್ಟೆಗಳನ್ನು ಉಜ್ಜುಕಾಗದದಿಂದ ತಿಕ್ಕಬಾರದು.

## ಪರಿಣಾಮಗಳು

ಅಧಿಕ ಐಡ್ಲಿಂಗ್‌ನಿಂದ ಪೆಟ್ರೋಲ್ ಖರ್ಚು ಹೆಚ್ಚುತ್ತದೆ, ಗೇರ್ ಹಾಕುವಾಗ ಹೊಡೆತ ಬೀಳುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಸ್ವಯಂಚಾಲಿತ ಗೇರಿನ ಕಾರು ಬ್ರೇಕ್ ಬಿಟ್ಟ ಕೂಡಲೇ ಮುಂದಕ್ಕೆ ನುಗ್ಗಬಹುದು. ಘಟ್ಟದ ರಸ್ತೆಗಳಲ್ಲಿ ಪರಿಣಾಮ ಇನ್ನೂ ಗಂಭೀರ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳನ್ನು ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಹಿಡಿಯಬೇಕು. ಕಾಲು ತೆಗೆದರೂ ಎಂಜಿನ್ ತಳ್ಳುತ್ತಲೇ ಇದ್ದರೆ ಆ ಹೊರೆಯೆಲ್ಲ ಬ್ರೇಕುಗಳ ಮೇಲೆ ಬೀಳುತ್ತದೆ, ಅವು ಕಾದು ಹಿಡಿತ ಕಳೆದುಕೊಳ್ಳಬಹುದು. ಕಾರಣ ಬ್ರೇಕ್ ಬೂಸ್ಟರಿನ ಸೋರಿಕೆಯಾಗಿದ್ದರೆ ಅಪಾಯ ಇಮ್ಮಡಿಯಾಗುತ್ತದೆ.

## ಸುರಕ್ಷತೆ

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣಾಂತಕ. ಬಾನೆಟ್ಟಿನ ಕೆಳಗೆ ಕೈಯಿಡುವವರು ಸೆರಗು, ಶಾಲು, ದುಪಟ್ಟಾ ಮತ್ತು ಕೈಗಡಿಯಾರಗಳನ್ನು ತಿರುಗುವ ಬೆಲ್ಟುಗಳಿಂದ ದೂರವಿಡಬೇಕು. ವಿದ್ಯುತ್ ಫ್ಯಾನು ಎಂಜಿನ್ ಆರಿಸಿದ ಮೇಲೂ ತಟ್ಟನೆ ತಿರುಗಬಹುದು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ಓಡುತ್ತಿರುವಾಗ ಥ್ರಾಟಲ್ ಸಿಕ್ಕಿಕೊಂಡು ವೇಗ ಏರಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಗೇರನ್ನು ನ್ಯೂಟ್ರಲಿಗೆ ತಂದು, ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ ನಂತರವೇ ಎಂಜಿನ್ ಆರಿಸಬೇಕು. ಓಡುವಾಗಲೇ ಕೀಲಿಯನ್ನು ಹೊರಗೆಳೆದರೆ ಸ್ಟಿಯರಿಂಗ್ ಲಾಕ್ ಆಗುವ ಅಪಾಯವಿದೆ.

## ಹಳೆಯ ಕಾರು ಕೊಳ್ಳುವಾಗ

ಮಾರಾಟಕ್ಕಿರುವ ಕಾರಿನಲ್ಲಿ ಅಧಿಕ ಐಡ್ಲಿಂಗ್ ಕಂಡರೆ ಅದು ಬೇರೊಂದು ದೋಷವನ್ನು ಮರೆಮಾಚಲು ಬೇಕೆಂದೇ ಇಟ್ಟದ್ದೂ ಆಗಿರಬಹುದು. ಕಂಪ್ರೆಷನ್ ಕಡಿಮೆಯಾದ, ಒಂದು ಸಿಲಿಂಡರ್ ಸರಿಯಾಗಿ ಉರಿಯದ, ಅಥವಾ ಮೌಂಟಿಂಗ್ ರಬ್ಬರ್ ಹರಿದ ಎಂಜಿನ್ ಸಹಜ ವೇಗದಲ್ಲಿ ನಡುಗುತ್ತದೆ ಅಥವಾ ನಿಂತುಹೋಗುತ್ತದೆ. ವೇಗ ಹೆಚ್ಚಿಸಿಟ್ಟರೆ ಆ ನಡುಕ ತಿಳಿಯುವುದಿಲ್ಲ. ಆದ್ದರಿಂದ ಕೊಳ್ಳುವವರು ಕಾರನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಪೂರ್ತಿ ಬಿಸಿಯಾಗುವ ತನಕ ಕಾದು, ವೇಗ ಕ್ರಮವಾಗಿ ಇಳಿದು ಸಹಜ ಮಟ್ಟದಲ್ಲಿ ನಿಲ್ಲುತ್ತದೆಯೇ ಎಂದು ನೋಡಬೇಕು. ನೋಡಲು ಹೋಗುವ ಮೊದಲೇ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಈ ಪರೀಕ್ಷೆ ಸಾಧ್ಯವಾಗುವುದಿಲ್ಲ. ಅಂಥ ಸಂದರ್ಭದಲ್ಲಿ ಇನ್ನೊಂದು ದಿನ ಬೆಳಗ್ಗೆ ಬಂದು ನೋಡುವುದು ಒಳ್ಳೆಯದು. ಅಧಿಕ ಐಡ್ಲಿಂಗ್‌ನ ಕಾರಣ ಕೆಲವೊಮ್ಮೆ ಒಂದು ಸೀಳಿದ ಕೊಳವೆಯಷ್ಟೇ ಆಗಿರುವುದರಿಂದ, ಕಾರಣ ಗೊತ್ತಾದ ಮೇಲೆ ಬೆಲೆಯ ಮಾತುಕತೆಗೂ ಅದು ಆಧಾರವಾಗುತ್ತದೆ.

## ಇವನ್ನೂ ನೋಡಿ

- ಆಂತರಿಕ ದಹನ ಎಂಜಿನ್
- ಕಾರ್ಬುರೇಟರ್
- ಇಂಧನ ಇಂಜೆಕ್ಷನ್
- ವಾಯುಮಾಲಿನ್ಯ